ಹಡಗಿಗೆಂದು ಉಳಿಸಿದ ಗುಳಿಗೆ

ನಮ್ಮ ಮನೆಯಲ್ಲಿ ಹೊಟ್ಟೆನೋವಿಗೆ ಯಾರೂ ಹೆದರುತ್ತಿರಲಿಲ್ಲ. ಅಮ್ಮ ಇದ್ದಳಲ್ಲ. ಕಡಲತೀರದ ನಮ್ಮ ಗಿಂಬಾಲ್ ಊರಿನ ಅರ್ಧಕ್ಕರ್ಧ ಜನರ ಹೊಟ್ಟೆ, ಸೊಂಟ, ಉಳುಕಿದ ಕಾಲು ತನ್ನ ಕೈಯಲ್ಲಿ ತಿಕ್ಕಿಸಿಕೊಂಡೇ ಸರಿಹೋದವು ಎಂದು ಅವಳು ಹೇಳುತ್ತಾಳೆ. ಸರಿಹೋಗದವರ ಸುದ್ದಿ ಅವಳು ಎತ್ತುವುದಿಲ್ಲ. ಹಾಗಾಗಿ ಮಾರ್ಚ್ ತಿಂಗಳ ಒಂದು ಬೆಳಗ್ಗೆ ನನ್ನ ತಮ್ಮ ವೆಂಡೆಲ್ ಬಚ್ಚಲ ಬಾಗಿಲಲ್ಲಿ ಮಂಡಿಯನ್ನು ಎದೆಗೆ ಒತ್ತಿಕೊಂಡು ಕುಕ್ಕರಿಸಿದಾಗ ಅಮ್ಮ ಮಾಡಿದ ಮೊದಲ ಕೆಲಸ, ಕೊಬ್ಬರಿ ಎಣ್ಣೆಗೆ ಶುಂಠಿ ಜಜ್ಜಿ ಹಾಕಿ ಬಿಸಿ ಮಾಡಿದ್ದು.

ನಾನು ಮನೆ ಮುಂದಿನ ಖಾನಾವಳಿಯಲ್ಲಿ ಬೆಳ್ಳುಳ್ಳಿ ಅನ್ನ ಹುರಿಯುತ್ತಿದ್ದೆ. ನನ್ನ ಹೆಸರು ಸೋಲಿಂಗ್. ಈ ಮನೆಯ ಹಿರಿಯ ಮಗಳು, ಮದುವೆಯಾಗದವಳು. ಇಲ್ಲಿ ಏನೇ ನಡೆದರೂ ಕೊನೆಗೆ ಪಾತ್ರೆ ತೊಳೆಯುವವಳು ನಾನೇ. ಒಲೆ ಸಣ್ಣಗೆ ಮಾಡಿ ಒಳಗೆ ಬಂದೆ.

"ಎಲ್ಲಿ ನೋವು, ತೋತೋ?" ಎಂದು ಅಮ್ಮ ಕೇಳುತ್ತಿದ್ದಳು. ನಮ್ಮ ಕಡೆ ಗಂಡುಮಗನನ್ನು ಹಾಗೆ ಕರೆಯುವುದು; ಮಗಳನ್ನು, ಸೊಸೆಯನ್ನು ಇಂದಾಯ್ ಎಂದು. ಅವನಿಗೆ ಮೂವತ್ತೊಂದು ತುಂಬಿದ್ದರೂ ಅವಳಿಗೆ ತೋತೋನೇ.

"ನಿನ್ನೆ ಹೊಕ್ಕಳ ಹತ್ರ ಇತ್ತು. ಈಗ ಕೆಳಗಿಳಿದಿದೆ. ಬಲಗಡೆ."

"ಗಾಳಿ ಸೇರಿದೆ. ಅಂಗಾತ ಮಲಕ್ಕೋ."

ಅವನ ಹೆಂಡತಿ ರಿಜಾ ಶಿಶುವಿಹಾರಕ್ಕೆ ಹೊರಟವಳು ಚೀಲ ಕೆಳಗಿಟ್ಟಳು. "ಅಮ್ಮಾ, ಉಜ್ಜಬೇಡಿ. ಅವರಿಗೆ ಜ್ವರಾನೂ ಇದೆ. ಆಸ್ಪತ್ರೆಗೆ ಹೋಗೋಣ."

"ನೀನು ಮಕ್ಕಳಿಗೆ ಬಣ್ಣದ ಹೆಸರು ಹೇಳ್ಕೊಡು ಹೋಗು, ಇಂದಾಯ್. ಹೊಟ್ಟೆ ವಿಷಯ ನಂಗೆ ಬಿಡು. ಸೀಬೆಕಾಯಿ ತಿನ್ನಿಸಿದ್ದು ನೀನೇ ತಾನೇ? ಬೀಜ ಹೋಗಿ ಕರುಳಲ್ಲಿ ಕೂತಿರುತ್ತೆ."

"ಸೀಬೆಕಾಯಿ ನಾನೂ ತಿಂದೆ."

"ನಿನ್ನ ಕರುಳು ಗಟ್ಟಿ."

ಅಮ್ಮ ಹತ್ತು ನಿಮಿಷ ತಿಕ್ಕಿದಳು. ಬಲಗಡೆ ಕೆಳಕ್ಕೆ ಬೆರಳು ಒತ್ತಿ ಬಿಟ್ಟಾಗ ವೆಂಡೆಲ್ ಕೂಗಿದ ಕೂಗಿಗೆ ಖಾನಾವಳಿಯಲ್ಲಿ ಉಣ್ಣುತ್ತಿದ್ದ ಮೇಷ್ಟರು ಎದ್ದು ನಿಂತರು. ಅವನು ಚಾಪೆ ಮೇಲೆಯೇ ವಾಂತಿ ಮಾಡಿಕೊಂಡ. ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ರಿಜಾ ಆಗಲೇ ರಸ್ತೆಗೆ ಓಡಿ ಮೂರು ಚಕ್ರದ ಗಾಡಿ ತಂದಿದ್ದಳು.

ಪಟ್ಟಣದ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ಡಾಕ್ಟರ್ ಸಲ್ದಿವಾರ್. ಮೂವತ್ತೈದರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಹಾಸಿಗೆಯಿಂದ ಇಳಿಸಿ, "ಬಲಗಾಲಲ್ಲಿ ಒಂದು ಸಲ ಕುಪ್ಪಳಿಸಿ," ಎಂದರು. ವೆಂಡೆಲ್ ಕಾಲೆತ್ತಿದ, ಕುಪ್ಪಳಿಸಲಾಗದೆ ಗೋಡೆ ಹಿಡಿದ.

"ಹೊಟ್ಟೆ ಯಾರು ಉಜ್ಜಿದ್ದು? ಎಣ್ಣೆ ವಾಸನೆ ಬರ್ತಿದೆ."

ಅಮ್ಮ ಎರಡೂ ಕೈಯನ್ನು ಲಂಗದ ಮಡಿಕೆಯೊಳಗೆ ಸೇರಿಸಿಕೊಂಡಳು.

"ಇನ್ಮೇಲೆ ಹೀಗೆ ಹೊಟ್ಟೆ ನೋವು ಬಂದೋರನ್ನ ಮುಟ್ಟಲೇಬೇಡಿ. ಒಳಗೇ ಒಡೆದುಹೋಗಬಹುದು," ಎಂದರು ಡಾಕ್ಟರ್. ಬೈದಂತೆಯೂ ಇರಲಿಲ್ಲ. ಆದರೆ ನನ್ನ ಅಮ್ಮನ ಮುಖ ಅಷ್ಟು ಚಿಕ್ಕದಾಗಿದ್ದನ್ನು ನಾನು ನೋಡಿದ್ದು ಅವತ್ತೇ.

ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರ್ ನಮ್ಮನ್ನು ಹಾಸಿಗೆ ಸುತ್ತ ನಿಲ್ಲಿಸಿಕೊಂಡು ಹೇಳಿದರು. "ಅಪೆಂಡಿಕ್ಸ್ ಊದಿದೆ. ಒಡೆದಿಲ್ಲ, ಕೀವು ಕಟ್ಟಿಲ್ಲ, ಒಳಗೆ ಕಲ್ಲೂ ಇಲ್ಲ. ಹಾಗಾಗಿ ಎರಡು ದಾರಿ ಇದೆ. ಇವತ್ತೇ ಆಪರೇಷನ್ ಮಾಡಿ ತೆಗೆಯೋದು ಒಂದು. ಇಲ್ಲಾಂದ್ರೆ ಮೂರು ದಿನ ಇಲ್ಲಿ ರಕ್ತನಾಳಕ್ಕೆ ಔಷಧಿ, ಆಮೇಲೆ ಮನೇಲಿ ಏಳು ದಿನ ಗುಳಿಗೆ."

"ಗುಳಿಗೇಲೇ ಹೋಗುತ್ತಾ?" ಎಂದು ಅಪ್ಪ ಕೇಳಿದ.

"ಬಹಳ ಜನಕ್ಕೆ ಹೋಗುತ್ತೆ. ಹತ್ತರಲ್ಲಿ ಮೂರು ಜನಕ್ಕೆ ವರ್ಷದೊಳಗೆ ಮತ್ತೆ ಬರುತ್ತೆ. ಹತ್ತಿರದಲ್ಲಿ ಆಸ್ಪತ್ರೆ ಇದ್ರೆ ಅದೇನೂ ದೊಡ್ಡ ವಿಷಯ ಅಲ್ಲ. ಬಂದಾಗ ಬಂದು ತೆಗೆಸ್ಕೋಬಹುದು. ಏನು ಕೆಲಸ ಮಾಡ್ತೀರಿ ನೀವು?"

ವೆಂಡೆಲ್ ಬಾಯಿ ತೆರೆದ. ಅಪ್ಪ ಅವನಿಗಿಂತ ಮೊದಲು ಹೇಳಿದ. "ಅಕ್ಕನ ಖಾನಾವಳಿ ನೋಡ್ಕೋತಾನೆ."

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಏಕೆ ಆಡಿಸಿದೆ ಎಂದು ಈಗ ಕೇಳಿದರೆ, ಅಪ್ಪ ಸುಳ್ಳು ಹೇಳಿದ್ದು ಏಕೆಂದು ನನಗೆ ಆ ಗಳಿಗೆಯಲ್ಲೇ ತಿಳಿದುಹೋಗಿತ್ತು.

ನನ್ನ ತಮ್ಮ ಸರಕು ಹಡಗಿನ ಇಂಜಿನ್ ಕೋಣೆಯ ಕೆಲಸಗಾರ. ಹಿಂದಿನ ಹಡಗಿನಿಂದ ಇಳಿದ ಮೇಲೆ ಎಂಟು ತಿಂಗಳು ರಾಜಧಾನಿ ಮನಿಲಾದಲ್ಲಿ, ಹಡಗಿನವರು ಕೆಲಸಕ್ಕೆ ಕಾಯುತ್ತಾ ನಿಲ್ಲುವ ಆ ರಸ್ತೆಯ ಮರದ ಕೆಳಗೆ, ಕಾಗದಪತ್ರದ ಚೀಲ ಎದೆಗವಚಿಕೊಂಡು ನಿಂತಿದ್ದ. ಕೊನೆಗೊಂದು ಹಡಗು ಸಿಕ್ಕಿತ್ತು. ಮೇ ಮೊದಲ ವಾರ ವಿಮಾನ, ಬ್ರೆಜಿಲಿನಲ್ಲಿ ಹಡಗು ಹತ್ತುವುದು, ಒಂಬತ್ತು ತಿಂಗಳ ಕರಾರು. ಅದಕ್ಕೆ ಮುಂಚೆ ಕಂಪನಿಯ ಡಾಕ್ಟರ ಕೈಯಲ್ಲಿ ಮೈಯೆಲ್ಲ ತಪಾಸಣೆ. ಹೊಟ್ಟೆಯ ಮೇಲೆ ಹಸಿ ಗಾಯ ಕಂಡರೆ ಕಡತ ಕೆಳಕ್ಕೆ ಹೋಗುತ್ತದೆ, ಮರದ ಕೆಳಗೆ ನಿಂತ ಇನ್ನೊಬ್ಬನ ಕಡತ ಮೇಲೆ ಬರುತ್ತದೆ ಎಂಬುದು ನಮ್ಮೂರಿನಲ್ಲಿ ಎಲ್ಲರ ನಂಬಿಕೆ.

ಡಾಕ್ಟರ್ ಅತ್ತ ಹೋದದ್ದೇ ರಿಜಾ ಅಪ್ಪನ ಕಡೆ ತಿರುಗಿದಳು. "ಸುಳ್ಳು ಯಾಕೆ ಹೇಳಿದ್ರಿ?"

"ಆ ಡಾಕ್ಟರಮ್ಮನೇ ಹೇಳಿದ್ಳಲ್ಲ, ಎರಡು ದಾರಿ ಇದೆ ಅಂತ. ಗುಳಿಗೆ ಗುರುತು ಬಿಡಲ್ಲ. ಚಾಕು ಬಿಡುತ್ತೆ."

"ಹತ್ತಿರ ಆಸ್ಪತ್ರೆ ಇದ್ರೆ ಅಂದ್ರು. ಸಮುದ್ರದಲ್ಲಿ ಆಸ್ಪತ್ರೆ ಎಲ್ಲಿದೆ?"

"ಹತ್ತರಲ್ಲಿ ಮೂರು ಅಂದ್ರೆ ಏಳು ಜನ ಚೆನ್ನಾಗೇ ಇರ್ತಾರೆ. ಇಂದಾಯ್, ನಾನು ಮೂವತ್ತಾರು ವರ್ಷ ಹಡಗಲ್ಲಿದ್ದವನು."

"ಆಪರೇಷನ್ ಆಗ್ಲಿ ಅಪ್ಪ. ಹಡಗು ಇನ್ನೊಂದು ಸಿಗುತ್ತೆ."

"ಎಷ್ಟು ವರ್ಷಕ್ಕೆ? ಮತ್ತೆ ಹೋಗಿ ಮರದ ಕೆಳಗೆ ನಿಲ್ಲೋದು ನೀನಾ?"

ಮಂಚದ ಮೇಲಿದ್ದ ವೆಂಡೆಲ್ ಇಬ್ಬರ ಮುಖವನ್ನೂ ನೋಡಿದ. "ಅಪ್ಪ ಹೇಳಿದಂಗೆ ಆಗ್ಲಿ ಬಿಡು, ರಿಜಾ," ಎಂದು ಕಣ್ಣು ಮುಚ್ಚಿದ.

ಮೂರು ದಿನ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ. ಎರಡನೇ ದಿನವೇ ಜ್ವರ ಇಳಿಯಿತು. ಪಕ್ಕದ ಮಂಚದಲ್ಲಿದ್ದ ಟೈಲರ್ ಒಬ್ಬ ಹಿಂದಿನ ವರ್ಷ ಇದೇ ನೋವಿಗೆ ಇದೇ ಔಷಧಿ ತೆಗೆದುಕೊಂಡು ಚೆನ್ನಾಗಿದ್ದೇನೆ, ಈಗ ಬಂದಿರುವುದು ಕಾಲು ಮುರಿದು ಎಂದು ನಗಿಸಿದ. ಅಪ್ಪ ಅದನ್ನೇ ಹಿಡಿದುಕೊಂಡು ದಾರಿಯುದ್ದಕ್ಕೂ, "ಕೇಳಿದ್ರಲ್ಲ, ಕೇಳಿದ್ರಲ್ಲ," ಎನ್ನುತ್ತಾ ಮನೆಗೆ ಬಂದ. ದಿನಕ್ಕೆ ಮೂರರಂತೆ ಇಪ್ಪತ್ತೊಂದು ಗುಳಿಗೆ ಕೊಟ್ಟಿದ್ದರು. ನೋವು ಹೋದರೂ ನಿಲ್ಲಿಸಬಾರದು ಎಂದು ಡಾಕ್ಟರ್ ಎರಡು ಸಲ ಹೇಳಿದ್ದರು.

ಮನೆಯಲ್ಲಿ ನಾನು ಗಂಜಿ ಬೇಯಿಸಿದೆ. ನುಗ್ಗೆಸೊಪ್ಪು ಹಾಕಿ ಮೀನಿನ ತಿಳಿ ಸಾರು ಮಾಡಿದೆ.

"ಬಾಯೆಲ್ಲ ಕಬ್ಬಿಣ ನೆಕ್ಕಿದಂಗೆ ಆಗ್ತಿದೆ ಮನಾಂಗ್," ಎಂದು ವೆಂಡೆಲ್ ಮುಖ ಸಿಂಡರಿಸಿದ. ಅಕ್ಕನನ್ನು ಅವನು ಹೆಸರು ಹಿಡಿದು ಕರೆದವನಲ್ಲ, ಮನಾಂಗ್ ಎಂದೇ.

"ಗುಳಿಗೆ ರುಚಿ ಅದು. ನನ್ನ ಅಡುಗೆ ಮೇಲೆ ಹಾಕ್ಬೇಡ."

ನಾಲ್ಕನೇ ದಿನದ ಹೊತ್ತಿಗೆ ಅವನು ಹುರಿದ ಒಣಮೀನು ಕೇಳಿದ, ಕೊಟ್ಟೆ. ಮನೆಯಲ್ಲಿ ನಗು ಬಂತು. ಅಮ್ಮ ಮಾತ್ರ ಅವನ ಹತ್ತಿರ ಸುಳಿಯಲಿಲ್ಲ. ಬೆನ್ನು ನೋವೆಂದು ಬಂದ ಬೆಸ್ತರ ಹೆಂಗಸನ್ನು, "ನನ್ನ ಕೈ ಸರಿಯಿಲ್ಲ ಕಣಮ್ಮ, ಬೇರೆ ಕಡೆ ಹೋಗು," ಎಂದು ಹೊಸ್ತಿಲಿನಿಂದಲೇ ಕಳಿಸಿದಳು. ಎಣ್ಣೆ ಬಾಟಲಿಯನ್ನು ನನ್ನ ಖಾನಾವಳಿಗೆ ತಂದಿಟ್ಟು, "ಹುರಿಯೋಕೆ ಹಾಕ್ಕೋ," ಎಂದಳು.

ಮುಂದಿನ ವಾರ ವೆಂಡೆಲ್‌ನ ಒಗೆದ ಬಟ್ಟೆ ಮಡಿಸಿ ಅವನ ಹಸಿರು ಚೀಲಕ್ಕೆ ಇಡಲು ಹೋದೆ. ಹಡಗಿಗೆ ಒಂದು ತಿಂಗಳಿರುವಾಗಲೇ ಚೀಲ ತುಂಬಿಸುವುದು ಅವನ ರೂಢಿ. ದಪ್ಪ ಉಣ್ಣೆಯ ಕಾಲುಚೀಲ ಕೈಗೆ ಗಟ್ಟಿಯಾಗಿ ಹತ್ತಿತು. ಒಳಗೆ ಕೈ ಹಾಕಿದರೆ ಸಣ್ಣ ಪ್ಲಾಸ್ಟಿಕ್ ಪೊಟ್ಟಣ. ಪೊಟ್ಟಣದ ಬಾಯನ್ನು ಮೇಣದಬತ್ತಿಯ ಉರಿಗೆ ಹಿಡಿದು, ಒಂದು ಹನಿ ನೀರೂ ಹೋಗದಂತೆ ಅಂಟಿಸಿದ್ದರು. ಒಳಗೆ ಹನ್ನೊಂದು ಗುಳಿಗೆ.

ಅಷ್ಟು ನೇರವಾಗಿ ಪ್ಲಾಸ್ಟಿಕ್ ಅಂಟಿಸುವವನು ನಮ್ಮ ಮನೆಯಲ್ಲಿ ಒಬ್ಬನೇ. ಹಿತ್ತಲಿಗೆ ಹೋದೆ. ಅಪ್ಪ ಹಂದಿಗೆ ಹೊಟ್ಟು ಕಲಸುತ್ತಿದ್ದ.

"ಇದೇನಪ್ಪ?"

ಅವನು ನನ್ನ ಕೈ ನೋಡಿ ಮತ್ತೆ ಬಕೆಟ್ಟಿಗೆ ಬಗ್ಗಿದ. "ತಗೊಂಡಿದ್ದ ಜಾಗದಲ್ಲಿ ಇಡು. ನೀನು ನೋಡಿಲ್ಲ."

"ಏಳು ದಿನ ನುಂಗ್ಬೇಕು ಅಂದಿದ್ರು. ಇವ್ನು ಅರ್ಧಾನೂ ನುಂಗಿಲ್ಲ."

"ನೋವು ಹೋಯ್ತಲ್ಲ. ಹೋದ ನೋವಿಗೆ ಗುಳಿಗೆ ದಂಡ ಯಾಕೆ? ಹಡಗಿನ ಔಷಧಿ ಪೆಟ್ಟಿಗೇಲಿ ತಲೆನೋವಿನ ಗುಳಿಗೆ, ಗಾಯದ ಬಟ್ಟೆ ಬಿಟ್ರೆ ಏನೂ ಇರಲ್ಲ. ನಡುನೀರಲ್ಲಿ ಬಂದ್ರೆ ಕೈಯಲ್ಲಿ ಒಂದಷ್ಟು ಇರ್ಲಿ."

"ಬರುತ್ತೆ ಅಂತ ನಿಂಗೆ ಅನ್ಸುತ್ತಾ?"

ಹಂದಿ ಬಕೆಟ್ಟಿಗೆ ಮೂತಿ ಹಾಕಿ ಅರ್ಧ ಚೆಲ್ಲಿತು. ಎಂದೂ ಪ್ರಾಣಿಗಳ ಮೇಲೆ ಕೈಯೆತ್ತದ ಅಪ್ಪ ಅದರ ಬೆನ್ನಿಗೆ ಒಂದು ಬಾರಿಸಿದ.

ನಾನು ರಿಜಾಗೆ ಹೇಳಬಹುದಿತ್ತು. ವೆಂಡೆಲ್‌ನ ಕಿವಿ ಹಿಂಡಿ ನುಂಗಿಸಬಹುದಿತ್ತು. ಪೊಟ್ಟಣವನ್ನು ಕಾಲುಚೀಲದೊಳಗೆ ತುರುಕಿ, ಅದರ ಮೇಲೆ ಅಂಗಿ ಜೋಡಿಸಿಟ್ಟೆ. ನಲವತ್ತನಾಲ್ಕು ವರ್ಷ ನನಗೆ. ಇಪ್ಪತ್ತು ವರ್ಷದಿಂದ ನಸುಕಿಗೆದ್ದು ಒಲೆ ಹಚ್ಚುತ್ತಿದ್ದೇನೆ. ಅವನ ಸಂಬಳ ಬರತೊಡಗಿದರೆ ಖಾನಾವಳಿಗೆ ಒಬ್ಬ ಸಹಾಯಕಿಯನ್ನು ಇಟ್ಟುಕೊಂಡು ಆರು ಗಂಟೆಯವರೆಗೆ ಮಲಗಬೇಕೆಂದು ಆಸೆಯಿತ್ತು. ಆ ನಿದ್ದೆಯ ಆಸೆಗೆ ನಾನು ಬಾಯಿ ಮುಚ್ಚಿಕೊಂಡೆ. ಇದನ್ನು ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಏಪ್ರಿಲ್ ನಡುವೆ ಅವನು ಮನಿಲಾಕ್ಕೆ ಹೋಗಿ ಕಂಪನಿಯ ತಪಾಸಣೆ ಮುಗಿಸಿ ಬಂದ. ರಕ್ತ, ಮೂತ್ರ, ಕಣ್ಣು, ಕಿವಿ ಎಲ್ಲ ಸರಿಯಿತ್ತು. ಕಳೆದ ಒಂದು ವರ್ಷದಲ್ಲಿ ಆಸ್ಪತ್ರೆ ಸೇರಿದ್ದೀರಾ ಎಂಬ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದ್ದಾಗಿ ಊಟಕ್ಕೆ ಕೂತಾಗ ಹೇಳಿದ. ಅಪ್ಪ ತಲೆದೂಗಿದ. ರಿಜಾ ತಟ್ಟೆ ಸರಿಸಿ ಎದ್ದುಹೋದಳು.

ನಮ್ಮ ಮನೆಯ ಒಳಗೋಡೆ ಬಿದಿರಿನದು. ಗುಟ್ಟು ಆಡುವ ಮನೆಯಲ್ಲ.

"ನಂಗೆ ವಿಧವೆ ಪಿಂಚಣಿ ಬೇಡ ಡೆಲ್," ಎಂದು ಆ ರಾತ್ರಿ ರಿಜಾ ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತು.

"ಏನೂ ಆಗಲ್ಲ."

"ಏನೂ ಆಗಲ್ಲ ಅನ್ನೋನು ಹೊಟ್ಟೆ ಮೇಲೆ ಕೈ ಇಟ್ಕೊಂಡು ಯಾಕೆ ಮಲಗ್ತೀಯ?"

"ಅಭ್ಯಾಸ."

"ಮದುವೆಯಾಗಿ ಮೂರು ವರ್ಷ. ಈ ಅಭ್ಯಾಸ ನಾನು ನೋಡಿರ್ಲಿಲ್ಲ."

ಅವತ್ತಿನಿಂದ ಮನೆಯ ಊಟ ಊಟವಾಗಿ ಉಳಿಯಲಿಲ್ಲ. ಅವನು ಎಷ್ಟು ತುತ್ತು ತಿಂದ, ಯಾವುದನ್ನು ಬದಿಗಿಟ್ಟ ಎಂದು ನಾವು ನಾಲ್ವರೂ ತಟ್ಟೆ ಕಾಯುತ್ತಿದ್ದೆವು. ಒಂದು ದಿನ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಕೆಮ್ಮಿದ್ದಕ್ಕೆ ಅಮ್ಮ ಎದೆ ಹಿಡಿದುಕೊಂಡಳು. ರಿಜಾ ಬೆಳಗ್ಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದೊಡನೆ ಒಮ್ಮೆ ಅವನ ಹಣೆ ಮುಟ್ಟಿ ನೋಡುತ್ತಿದ್ದಳು. ಬಚ್ಚಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂತರೆ ಅಪ್ಪ ಹೊರಗಿನಿಂದ ಕೆಮ್ಮುತ್ತಿದ್ದ. ನಾನು ಬಟ್ಟೆ ಒಗೆಯುವಾಗ ಅವನ ಚೀಲದ ಕಡೆ ನೋಡದಿರಲು ಬೆನ್ನು ತಿರುಗಿಸಿ ಕೂರುತ್ತಿದ್ದೆ. ನಾಲ್ವರಿಗೂ ಹೆದರಿಕೆ. ಆದರೆ ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ಹೇಳುವಂತಿಲ್ಲ, ಹೇಳಿದರೆ ಜಗಳ.

"ಇನ್ನೂ ಸ್ವಲ್ಪ ಹಾಕ್ಲಾ?"

"ಸಾಕು ಮನಾಂಗ್."

"ಯಾಕೆ ಸಾಕು?" ಎಂದು ನಾಲ್ಕು ದನಿ ಒಟ್ಟಿಗೆ ಬರುತ್ತಿದ್ದವು.

ಹೊರಡುವ ಮುಂಚಿನ ಭಾನುವಾರ ಬೀಳ್ಕೊಡುಗೆಯ ಊಟ. ನೆಂಟರು, ನೆರೆಯವರು, ಅವನ ಹಡಗಿನ ಗೆಳೆಯರು ಎಲ್ಲ ಸೇರಿ ಮೂವತ್ತು ಜನ ಮಧ್ಯಾಹ್ನಕ್ಕೆ ಬಂದರು. ಲಿಂಬೆಹುಲ್ಲು ತುಂಬಿ ಕೆಂಡದ ಮೇಲೆ ಕೋಳಿ ಸುಟ್ಟೆವು. ಆಯುಸ್ಸು ಉದ್ದವಾಗಲಿ ಎಂದು ಎಳೆ ತುಂಡು ಮಾಡದೆ ಪಾನ್ಸಿತ್ ಶಾವಿಗೆ ಮಾಡಿದೆ. ಮೊದಲ ತಟ್ಟೆ ಅವನಿಗೇ ಕೊಟ್ಟೆ.

ಅವನು ಎಲ್ಲರ ಜೊತೆ ನಗುತ್ತಿದ್ದ, ಕ್ಯಾರಿಯೋಕೆ ಹಾಡಿನ ಯಂತ್ರದ ಮುಂದೆ ನಿಂತು ಒಂದು ಹಾಡೂ ಹೇಳಿದ. ಆದರೆ ಶಾವಿಗೆಯನ್ನು ಫೋರ್ಕಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಬಾಯಿಗೆ ಹೋಗಲೇ ಇಲ್ಲ. ಗೆಳೆಯನೊಬ್ಬ ಬೆನ್ನಿಗೆ ತಟ್ಟಿದಾಗ ಒಂದು ಗಳಿಗೆ ಉಸಿರು ಹಿಡಿದ. ನಾನು ಅದನ್ನು ನೋಡಿದೆ. ತಲೆಯೆತ್ತಿದರೆ ರಿಜಾ ಕೂಡ ನೋಡಿದ್ದಳು.

ಅವಳು ಹಾಡಿನ ಯಂತ್ರದ ದನಿ ತಗ್ಗಿಸಿದಳು. "ಡೆಲ್, ಬಲಗಾಲಲ್ಲಿ ಕುಪ್ಪಳಿಸಿ ತೋರ್ಸು."

ಜನ ನಕ್ಕರು. "ಕುಡಿದಿದ್ದಾನಾ ಅಂತ ನೋಡ್ತಿದ್ದಾಳೆ," ಎಂದ ಯಾರೋ.

"ಕುಡಿದೋನು ನಾನಲ್ಲ ಕಣೋ," ಎಂದ ವೆಂಡೆಲ್.

"ಮೂರೇ ಮೂರು ಸಲ. ಆಮೇಲೆ ನಾನು ಬಾಯೇ ತೆರೆಯಲ್ಲ. ವಿಮಾನ ನಿಲ್ದಾಣದವರೆಗೂ ನಗ್ತಾ ಬರ್ತೀನಿ."

ಅವನು ಎದ್ದ. ಎಡಗಾಲು ಮಡಿಚಿದ. ಕುಪ್ಪಳಿಸಿದ, ಒಂದು. ಮುಖದಲ್ಲಿ ನಗು ಇತ್ತು. ಎರಡು. ನಗು ಹಾಗೇ ಇತ್ತು, ಅಂಟಿಸಿಟ್ಟಂತೆ. ಮೇಲ್ತುಟಿಯ ಮೇಲೆ ಬೆವರು ಮೂಡಿತು. ಮೂರು. ಜನ ಚಪ್ಪಾಳೆ ತಟ್ಟಿದರು.

"ನೋಡಿದ್ಯಾ?" ಎಂದ ರಿಜಾಗೆ. ದನಿಯಲ್ಲಿ ಉಸಿರೇ ಇರಲಿಲ್ಲ.

ರಿಜಾ ಏನಾದರೂ ಹೇಳುವ ಮೊದಲೇ ಅಪ್ಪ ಕುರ್ಚಿಯಿಂದ ಎದ್ದ. ಅವನ ಮುಖ ಸುಟ್ಟ ಬೂದಿಯ ಹಾಗಿತ್ತು.

"ಕೂತ್ಕೋ ತೋತೋ. ನೀನು ಹೋಗಲ್ಲ."

"ಅಪ್ಪ, ನಾನು ಕುಪ್ಪಳಿಸಿದೆನಲ್ಲ."

"ನೋಡಿದೆ. ಈ ಮುಖ ನಾನು ಮುಂಚೆ ನೋಡಿದ್ದೀನಿ." ಅಪ್ಪ ಮೇಜಿನ ಅಂಚು ಹಿಡಿದುಕೊಂಡು ಮಾತಾಡಿದ, ಜನ ಇದ್ದಾರೆಂಬುದೇ ಮರೆತವನಂತೆ. "ಎಂಬತ್ತೊಂಬತ್ತನೇ ಇಸವಿ. ನಮ್ಮ ಹಡಗಿನ ಅಡುಗೆಯವನು, ನಮ್ಮ ಪಕ್ಕದ ಅಂತೀಕೆ ಪ್ರಾಂತ್ಯದ ಕಡೆಯವನು. ಹೀಗೇ ನಗ್ತಾ ನಗ್ತಾ ಬೆವರ್ತಿದ್ದ. ದಡಕ್ಕೆ ಇನ್ನೂ ಒಂಬತ್ತು ದಿನ ಇತ್ತು. ನಾಲ್ಕನೇ ದಿನ ಹೋದ. ಮಾಂಸ ಇಡೋ ತಣ್ಣನೆ ಕೋಣೇಲಿ ಮಲಗಿಸಿದ್ವಿ. ಆಮೇಲೆ ಐದು ದಿನ ಹಡಗಲ್ಲಿ ಯಾರೂ ಮಾಂಸ ಮುಟ್ಲಿಲ್ಲ."

ಹಾಡಿನ ಯಂತ್ರದ ಪರದೆಯ ಮೇಲೆ ಹಾಡಿನ ಪದಗಳು ಮಾತ್ರ ಓಡುತ್ತಿದ್ದವು.

"ಇದು ಗೊತ್ತಿದ್ದೂ ಕಳಿಸ್ತಿದ್ರಾ?" ರಿಜಾ ಕೂಗಲಿಲ್ಲ, ಮೆಲ್ಲಗೆ ಕೇಳಿದಳು.

"ಗೊತ್ತಿದ್ದಿದ್ದಕ್ಕೇ ಗುಳಿಗೆ ಕಟ್ಟಿಕೊಟ್ಟೆ. ಆ ಅಡುಗೆಯವನ ಹತ್ರ ಎರಡೇ ಇತ್ತು. ಇನ್ನೊಂದು ಹತ್ತು ಇದ್ದಿದ್ರೆ ದಡ ಸೇರ್ತಿದ್ದ ಅಂತ ಇವತ್ತಿಗೂ..."

"ಯಾವ ಗುಳಿಗೆ?" ಎಂದಳು ರಿಜಾ.

ನಾನು ಹೇಳಿದೆ. ಹನ್ನೊಂದು ಗುಳಿಗೆ, ಕಾಲುಚೀಲ, ನಾನು ನೋಡಿದ್ದು, ಮತ್ತೆ ಅಲ್ಲೇ ಇಟ್ಟಿದ್ದು. ಅವಳು ನನ್ನನ್ನು ನೋಡಿದ ರೀತಿಗೆ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

"ಯಾವಾಗಿಂದ ನೋವು?" ಎಂದು ಗಂಡನನ್ನು ಕೇಳಿದಳು.

"ಗುರುವಾರದಿಂದ," ಎಂದ ವೆಂಡೆಲ್. ಕುರ್ಚಿಯಲ್ಲಿ ಮುದುರಿಕೊಂಡಿದ್ದ. "ಪೊಟ್ಟಣ ಒಡೆದು ನಾಲ್ಕು ನುಂಗಿದೆ. ಕಡಿಮೆ ಆಗ್ಲಿಲ್ಲ."

ಗೆಳೆಯನ ವ್ಯಾನಿನಲ್ಲಿ ಹೊರಟೆವು. ಕರಾವಳಿ ರಸ್ತೆ ಅಗೆದುಹಾಕಿದ್ದರು. ಪ್ರತಿ ಗುಂಡಿಗೂ ಅವನು ಹಲ್ಲು ಕಚ್ಚುತ್ತಿದ್ದ, ರಿಜಾ ಚಾಲಕನಿಗೆ ಒಮ್ಮೆ ಬೇಗ ಹೋಗು ಎನ್ನುತ್ತಿದ್ದಳು, ಒಮ್ಮೆ ನಿಧಾನ ಎನ್ನುತ್ತಿದ್ದಳು. ಅಮ್ಮ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಪಾದದಿಂದ ಮೇಲಕ್ಕೆ ಅವಳ ಕೈ ಹೋಗಲಿಲ್ಲ. ಅರ್ಧ ದಾರಿಯಲ್ಲಿ ವೆಂಡೆಲ್, "ನೋವು ಕಡಿಮೆ ಆಯ್ತು," ಎಂದ. ನಮಗೆ ಹೋದ ಜೀವ ಬಂದಂತಾಯಿತು. ಅಪ್ಪ ಮಾತ್ರ ಜಪಮಾಲೆ ತೆಗೆದ. "ಆ ಅಡುಗೆಯವನಿಗೂ ಒಳಗೆ ಒಡೆದಾಗ ಹೀಗೇ ನೋವು ಇಳಿದಿತ್ತು," ಎಂದ.

ಡಾಕ್ಟರ್ ಸಲ್ದಿವಾರ್ ಹೊಟ್ಟೆ ಮುಟ್ಟಿ ನೋಡಿದವರೇ ಆಪರೇಷನ್ ಕೋಣೆ ಸಿದ್ಧ ಮಾಡಿ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಖಾನಾವಳಿಯವರಲ್ವಾ ನೀವು? ಗುಳಿಗೆ ಪೂರ್ತಿ ತಗೊಂಡ್ರಾ?"

"ಇಲ್ಲ," ಎಂದೆ. "ಹತ್ತು ನುಂಗಿ, ಮಿಕ್ಕಿದ್ದು ಹಡಗಿಗೆ ಅಂತ ಎತ್ತಿಟ್ಟಿದ್ದ. ಅವನು ಖಾನಾವಳೀಲಿ ಕೆಲಸ ಮಾಡಲ್ಲ ಡಾಕ್ಟರೇ. ಹಡಗಿನವನು. ಮಂಗಳವಾರ ಹೊರಡಬೇಕಿತ್ತು. ಅವತ್ತು ಸುಳ್ಳು ಹೇಳಿದ್ವಿ."

ಅವರು ಕೈಗವಸು ಕಳಚಿದರು. "ಪೂರ್ತಿ ನುಂಗಿದ್ರೂ ಮತ್ತೆ ಬರಬಹುದಿತ್ತು, ಅದು ಬೇರೆ ಮಾತು. ಆದ್ರೆ ಹಡಗು ಅಂತ ಒಂದು ಮಾತು ಹೇಳಿದ್ರೆ ನಾನು ಅವತ್ತೇ ತೆಗೀತಿದ್ದೆ. ಮೂರು ಚಿಕ್ಕ ತೂತು, ಅಷ್ಟೇ. ಇಷ್ಟೊತ್ತಿಗೆ ಗಾಯ ಮಾಗಿ, ಅದೇ ಮಂಗಳವಾರ ಹೊರಡಬಹುದಿತ್ತು."

ಅಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ.

ಒಳಗೆ ಒಡೆದಿತ್ತು. ತೂತಿನಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಹೊಟ್ಟೆ ಕೊಯ್ದು, ತೊಳೆದು, ಕೀವು ಹೊರಬರಲು ಕೊಳವೆ ಇಟ್ಟರು. ಎರಡು ದಿನ ಏನೂ ಹೇಳಲಾಗದು ಎಂದರು. ಆ ಎರಡು ದಿನ ನಾನು ಖಾನಾವಳಿ ಮುಚ್ಚಿದ್ದೆ. ನಸುಕಿಗೆ ಏಳುವ ಕೆಲಸವಿರಲಿಲ್ಲ, ಆಸೆಪಟ್ಟ ನಿದ್ದೆಯೂ ಬರಲಿಲ್ಲ. ರಿಜಾ ನನ್ನ ಜೊತೆ ಮಾತಾಡಲಿಲ್ಲ. ನಾನು ತಂದ ಊಟದ ಡಬ್ಬಿಯನ್ನು ತೆಗೆದುಕೊಳ್ಳುತ್ತಿದ್ದಳು, ತೊಳೆದು ವಾಪಸು ಇಡುತ್ತಿದ್ದಳು. ಮಂಗಳವಾರ ಅವನ ವಿಮಾನ ಅವನಿಲ್ಲದೆ ಹೋಯಿತು. ಆ ಜಾಗಕ್ಕೆ ಬೇರೆ ಯಾರನ್ನೋ ಕಳಿಸಿದರೆಂದು ಕಂಪನಿಯಿಂದ ಫೋನ್ ಬಂತು. ಅವತ್ತೇ ಅವನ ಜ್ವರ ಇಳಿಯತೊಡಗಿತು.

ಒಂದು ವಾರದ ಮೇಲೆ ಕೊಳವೆ ತೆಗೆದರು. ಮಧ್ಯಾಹ್ನ ನಾವು ನಾಲ್ವರೂ ಮಂಚದ ಸುತ್ತ ಇದ್ದೆವು. ನಾನು ತಂದ ಗಂಜಿಯನ್ನು ಅಮ್ಮ ಒಂದೊಂದೇ ಚಮಚ ಕುಡಿಸುತ್ತಿದ್ದಳು. ಅಪ್ಪ ಕಿಟಕಿಯ ಹತ್ತಿರ ನಿಂತು, ಹೊರಗೆ ನೋಡುತ್ತಲೇ ಹೇಳಿದ. "ಕಂಪನಿಗೆ ಫೋನ್ ಮಾಡಿದ್ದೆ. ಗಾಯ ಪೂರ್ತಿ ಮಾಗಿ ಆರು ತಿಂಗಳಾದ್ಮೇಲೆ ಮತ್ತೆ ತಪಾಸಣೆಗೆ ಹೋಗ್ಬಹುದಂತೆ. ಈಗ ಒಳಗೆ ಅದೇ ಇಲ್ಲವಲ್ಲ. ಹೆದರಿಕೆ ಇಲ್ಲ."

"ಅಪ್ಪ," ಎಂದ ವೆಂಡೆಲ್. ಚಮಚವನ್ನು ಕೈಯಿಂದ ಸರಿಸಿದ. "ವಿಮಾನದ ಟಿಕೆಟ್ ಕೈಗೆ ಬಂದಾಗಿಂದ ನಾನು ನಿದ್ದೆ ಮಾಡಿರ್ಲಿಲ್ಲ. ಇಂಜಿನ್ ಕೋಣೇಲಿ ಒಬ್ನೇ ಇರುವಾಗ ಇದು ಒಡೆದ್ರೆ, ಆ ಸದ್ದಲ್ಲಿ ನಾನು ಕೂಗಿದ್ದು ಯಾರಿಗೆ ಕೇಳುತ್ತೆ ಅಂತ."

"ಹೇಳ್ಬೇಕಿತ್ತು ಮಗಾ," ಎಂದಳು ಅಮ್ಮ.

"ನೀವೆಲ್ಲ ನನ್ನ ತಟ್ಟೆ ನೋಡ್ತಿದ್ರಿ. ಎಷ್ಟು ತಿಂದೆ ಅಂತ ಕೇಳಿದ್ರಿ. ಜ್ವರ ಇದೆಯಾ ಅಂತ ಕೇಳಿದ್ರಿ. ಕುಪ್ಪಳಿಸು ಅಂದ್ರಿ. ಭಯ ಆಗ್ತಿದೆಯಾ ಅಂತ ಒಬ್ರೂ ಕೇಳ್ಲಿಲ್ಲ. ಕೇಳಿದ್ರೆ ಹೇಳೋಣ ಅಂತ ಕಾಯ್ತಾನೇ ಇದ್ದೆ."

ರಿಜಾ ಮುಖ ಮುಚ್ಚಿಕೊಂಡಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ, ಅವಳು ಕೊಡವಲಿಲ್ಲ. ನಾವು ಕೇಳದೆ ಇದ್ದದ್ದು ಗೊತ್ತಿಲ್ಲದೆ ಅಲ್ಲ. ಹೌದು ಎಂದುಬಿಟ್ಟರೆ ಏನು ಮಾಡುವುದು ಎಂದು ಗೊತ್ತಿರಲಿಲ್ಲ.

ಅಪ್ಪ ಕಿಟಕಿ ಬಿಟ್ಟು ಬಂದು ಮಂಚದ ಅಂಚಿನಲ್ಲಿ ಕುಳಿತ. ಹೊದಿಕೆಯ ಸುಕ್ಕನ್ನು ಬೆರಳಿನಿಂದ ನೇವರಿಸಿದ.

"ಈಗ್ಲೂ ಆಗ್ತಿದೆಯಾ?" ಎಂದು ಕೇಳಿದ.

"ಹೂಂ," ಎಂದ ವೆಂಡೆಲ್.

"ನಂಗೂ, ತೋತೋ," ಎಂದ ಅಪ್ಪ. "ಮೂವತ್ತಾರು ವರ್ಷವೂ ಆಗ್ತಿತ್ತು."